ಬಯಲು ಖಾಲಿ ಮಾಡಿಸಿದವನು

ದೊಡ್ಡ ಕಟ್ಟಡದ ಅರ್ಜಿ ಬಂದರೆ ಅಧಿಕಾರಿಗಳಷ್ಟೇ ನೋಡಿದರೆ ಸಾಲದು, ಜನ ಆರಿಸಿದ ಮೆಂಬರರೂ ಜಾಗ ನೋಡಿಯೇ ಒಪ್ಪಿಗೆ ಕೊಡಬೇಕು ಎಂದು ಪುರಸಭೆಯಲ್ಲಿ ಗದ್ದಲ ಎಬ್ಬಿಸಿದ ಮೆಂಬರ ನಾನೇ. ಎಂಥ ದೊಡ್ಡ ಮನುಷ್ಯ ನೋಡಿ. ಮೊದಲ ಅರ್ಜಿ ನನ್ನ ವಾರ್ಡಿನದೇ ಬಂತು. ಜಮಖಂಡಿ ರಸ್ತೆಗೆ ಹತ್ತಿದ ಸರಕಾರಿ ಬಯಲಿನಲ್ಲಿ ವ್ಯಾಪಾರಿಯೊಬ್ಬ ಎರಡಂತಸ್ತಿನ ಅಂಗಡಿ ಸಾಲು ಕಟ್ಟುವವನಿದ್ದ. ಖಾಲಿ ಬಿದ್ದ ಜಾಗವಾದರೆ ಮಾತ್ರ ಕೊಡಬಹುದಿತ್ತು.

ಅದೆಲ್ಲಿ ಖಾಲಿ ಇತ್ತು? ನೇಕಾರರ ಓಣಿಯವರು ದಿನಾ ಅಲ್ಲೇ ಮಗ್ಗಕ್ಕೆ ಏರಿಸುವ ಹಾಸಿನ ನೂಲು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಅಷ್ಟು ಉದ್ದ ಯಾರ ಮನೆಯಲ್ಲೂ ಹಿಡಿಸುವುದಿಲ್ಲ. ಗಂಜಿ ಹಚ್ಚುವವಳು ನನ್ನ ಸೋದರತ್ತೆ. ಗಂಡನಿಲ್ಲ, ಸ್ವಂತ ಮಗ್ಗವಿಲ್ಲ. ಆ ಬಯಲು ಹೋದರೆ ಅವಳ ಕೆಲಸವೂ ಹೋಯಿತು.

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. “ನಿನ್ನ ಓಣಿಯವರು ಅಡ್ಡ ಬರದಂಗ ನೀ ನೋಡ್ಕೋ. ಮುಂದಿನ ಉಪಾಧ್ಯಕ್ಷಗಿರಿ ನಿನಗ ಬರೂವಂಗ ನಾ ನೋಡ್ಕೋತೀನಿ.”

ಅಂದೇ ಅತ್ತೆಯ ಮನೆಗೆ ಹೋದೆ. “ಅತ್ತಿ, ನಾಳೆ ಅಧ್ಯಕ್ಷರು, ಮೆಂಬರ್‌ರು ಎಲ್ಲಾರೂ ಬರ್ತಾರ. ಬಯಲು ಸ್ವಚ್ಛ ಇರ್ಲಿ,” ಎಂದೆ. ಯಾಕೆ ಬರುತ್ತಾರೆಂದು ಹೇಳಲಿಲ್ಲ. ಅವಳಿಗೋ ಹಿಗ್ಗು. “ನನ್ನ ಅಳಿಯಾ ದೊಡ್ಡ ಮಂದೀನ ಕರ್ಕೊಂಡ ಬರಾಕತ್ತಾನ, ಹೊಲಸ ಇಡಾಕ ಆಗ್ತೈತೇನು,” ಎಂದು ಓಣಿಯನ್ನೆಲ್ಲ ಎಬ್ಬಿಸಿದಳು.

ಮರುದಿನ ನಾವು ಹೋದಾಗ ಬಯಲಿನಲ್ಲಿ ಒಂದು ಎಳೆ ನೂಲಿಲ್ಲ, ಒಂದು ಗೂಟವಿಲ್ಲ. ಕಸ ಹೊಡೆದು, ನೀರು ಚಿಮುಕಿಸಿ, ಅಂಚಿನಲ್ಲಿ ರಂಗೋಲಿ ಬೇರೆ ಹಾಕಿದ್ದರು. ಅತ್ತೆ ಎಲ್ಲರಿಗೂ ಚಹಾ ಕೊಟ್ಟಳು. ಆ ಚಹಾ ಕುಡಿಯುತ್ತಲೇ ನಾವು ‘ಜಾಗ ಖಾಲಿ ಇದೆ, ಯಾವ ಉಪಯೋಗದಲ್ಲೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿದೆವು. “ಛಲೋ ಇಟ್ಟೀರಿ ಬಿಡ್ರಿ ಜಾಗಾ,” ಎಂದರು ಅಧ್ಯಕ್ಷರು. ಅವಳು ಸೆರಗು ಸರಿ ಮಾಡಿಕೊಂಡು ಕೈ ಮುಗಿದಳು.

ಪುರಸಭೆಯಲ್ಲಿ ಠರಾವು ಪಾಸು ಮಾಡುವ ದಿನ ಅತ್ತೆ ಹೇಗೋ ಸುದ್ದಿ ತಿಳಿದು, ಗಂಜಿ ಹತ್ತಿದ ಕೈಯಲ್ಲೇ ಓಡಿಬಂದಿದ್ದಳು. ಬಾಗಿಲಲ್ಲಿ ನನ್ನ ತೋಳು ಹಿಡಿದಳು. “ಒಂದ ಮಾತ ಹೇಳೋ ಅಳಿಯಾ. ಅಲ್ಲಿ ಹಾಸ ಕಟ್ತಾರ ಅನ್ನು. ಸಾಕು.”

ತೋಳು ಬಿಡಿಸಿಕೊಂಡು ಒಳಗೆ ಹೋದೆ. ಅಧ್ಯಕ್ಷರು, “ವಾರ್ಡಿನ ಮೆಂಬರ್‌ರು ಏನಂತೀರಿ?” ಎಂದು ಕೇಳಿದರು. ಎದ್ದು ನಿಂತು ಹೇಳಿದೆ: “ಕಣ್ಣಾರೆ ನೋಡಿ ಬಂದೀನ್ರಿ. ಖಾಲಿ ಐತಿ.”

“ಸುಳ್ಳ ಹೇಳಾಕತ್ತಾನ್ರಿ,” ಎಂದಳು ಅತ್ತೆ ಬಾಗಿಲಿಂದಲೇ. “ದಿನಾ ಅಲ್ಲೇ ಗಂಜಿ ಹಚ್ತೀನ್ರಿ ನಾನು.”

“ಅಲ್ಲಬೇ ಯವ್ವಾ, ನಾವ್ ಬಂದಾಗ ಒಂದ ಎಳಿನೂ ಇದ್ದಿಲ್ಲಲ್ಲ?” ಎಂದರು ಅಧ್ಯಕ್ಷರು.

“ನೀವು ಬರ್ತೀರಂತ ತಗದಿದ್ವಿರಿ.”

ಆಗಲಾದರೂ ನಾನು ಹೌದೆಂದಿದ್ದರೆ ಠರಾವು ಅಲ್ಲಿಗೇ ನಿಲ್ಲುತ್ತಿತ್ತು. ಅರವತ್ತು ದಾಟಿದ ಆ ಹೆಂಗಸು ಈಗ ಪಕ್ಕದ ಹಳ್ಳಿ ಚಿಮ್ಮಡದ ಹೊಲಗಳಲ್ಲಿ ಕೂಲಿಗೆ ಕಳೆ ತೆಗೆಯಲು ಹೋಗಬೇಕಾಗುತ್ತಿರಲಿಲ್ಲ. ಆದರೆ ಅವಳ ಮಾತಿಗೆ ಸಭೆಯೆಲ್ಲ ನಕ್ಕಿತು. ಮೊದಲು ನಕ್ಕವನು ನಾನು.