ಎಂಟನೇ ಪುಟ ಮೊದಲು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಬೈಂಡಿಂಗಮ್ಮ ಅಂತಲೇ. ಪುಸ್ತಕ ಕಟ್ಟುವ ಕೆಲಸ, ಹಾಗಾಗಿ ಹೆಸರು ನ್ಯಾಯವಾದದ್ದೇ. ಆದರೆ ಎದುರುಮನೆಯ ದರ್ಜಿ ಸುಮ್ಮನಿರಬೇಕಲ್ಲ. 'ಅಲ್ಲಿಗೆ ಹೋದ್ರೆ ಮೊದಲು ಬೈ, ಆಮೇಲೆ ಬೈಂಡಿಂಗ್' ಎಂದು ಒಂದು ಮಾತು ಹುಟ್ಟಿಸಿ ಬಿಟ್ಟ. ಅದು ಬೀದಿಯೆಲ್ಲ ಸುತ್ತಿ ಅವಳ ಕಿವಿಗೂ ಬಿತ್ತು. ದರ್ಜಿಯ ಅಳತೆ ಪುಸ್ತಕ ಬಿಚ್ಚಿಹೋಗಿ ರಿಪೇರಿಗೆ ಬಂದಾಗ ಅವಳು ಸರಿಯಾಗಿ ಮೂರು ವಾರ ಕಾಯಿಸಿದಳು.

ಹದಿನಾರನೇ ವಯಸ್ಸಿಗೆ ಒಂದು ಮುದ್ರಣಾಲಯದಲ್ಲಿ ಹಾಳೆ ಮಡಿಸುವ ಕೆಲಸಕ್ಕೆ ಸೇರಿದವಳು ಅವಳು. ದೊಡ್ಡ ಹಾಳೆಯ ಮೇಲೆ ಪುಟಗಳು ಹಿಂದುಮುಂದಾಗಿ, ಕೆಲವು ತಲೆಕೆಳಗಾಗಿ ಅಚ್ಚಾಗಿರುತ್ತವೆ. ನೋಡಿದವರಿಗೆ ಅಚ್ಚಿನವನು ಕುಡಿದಿದ್ದನೇನೋ ಅನ್ನಿಸಬೇಕು. ಆದರೆ ಆ ಹಾಳೆಯನ್ನು ಸರಿಯಾಗಿ ಎರಡು ಸಲ ಮಡಿಸಿದರೆ ಒಂದು, ಎರಡು, ಮೂರು ಎಂದು ಪುಟಗಳು ಸಾಲಾಗಿ ಬಂದು ನಿಲ್ಲುತ್ತವೆ. ಹಾಗೆ ಮಡಿಸಿದ ಹಾಳೆಗೆ ಫಾರಂ ಅನ್ನುತ್ತಾರೆ. ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಪುಸ್ತಕ. ಹೊಲಿಗೆ ಗಂಡಸರ ಕೆಲಸ, ಹುಡುಗಿಯರು ಮಡಿಸಿದರೆ ಸಾಕು ಎಂದಿದ್ದ ಅಲ್ಲಿನ ಹಿರಿಯ ಬೈಂಡರ್. ಅವಳು ಅವನ ಊಟದ ಹೊತ್ತಿನಲ್ಲಿ ಅವನದೇ ಸೂಜಿ ಹಿಡಿದು ಕಲಿತಳು. ದಾರದ ಕೊನೆಗೆ ಅವನು ಒಂದು ಗಂಟು ಹಾಕುತ್ತಿದ್ದ. ಇವಳು ಎರಡು ಹಾಕಿದಳು. 'ಒಂದೇ ಸಾಕಲ್ಲೇ' ಅಂದ. 'ನಿಮಗೆ ಸಾಕು' ಅಂದಳು. ಅವತ್ತಿನಿಂದ ಇವತ್ತಿನವರೆಗೆ ಅವಳು ಕಟ್ಟಿದ ಪ್ರತಿ ಪುಸ್ತಕದ ಬೆನ್ನಿನ ಬುಡದಲ್ಲಿ, ಬಟ್ಟೆಯ ಕೆಳಗೆ, ಬೆರಳಿಗೆ ಸಿಗುವ ಹಾಗೆ ಎರಡು ಗಂಟು.

ಮದುವೆಯಾಯಿತು, ಮಗ ಹುಟ್ಟಿದ, ಗಂಡ ಬೇಗ ಹೋದ. ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಅದುಮಿಡುವ ಒಂದು ಕಬ್ಬಿಣದ ಪ್ರೆಸ್ಸು, ಹೊಲಿಗೆ ಚೌಕಟ್ಟು, ಅಂಟಿನ ಡಬ್ಬ ಇಟ್ಟುಕೊಂಡು ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಕಚೇರಿಗಳ ದಪ್ಪ ದಪ್ಪ ಪುಸ್ತಕ, ಗ್ರಂಥಾಲಯದ ಹರಿದ ಪುಸ್ತಕ, ಹೀಗೆ ಕೈತುಂಬ ಕೆಲಸವಿತ್ತು. ಆಮೇಲೆ ಕಚೇರಿಯವರು ಕಂಪ್ಯೂಟರಿಗೆ ಹೋದರು, ಗ್ರಂಥಾಲಯದವರು ಹರಿದದ್ದನ್ನು ಹೊಲಿಸುವ ಬದಲು ಹೊಸದು ತರಿಸತೊಡಗಿದರು. ಈಗ ಅವಳು ತನ್ನದೇ ಖಾಲಿ ಪುಸ್ತಕಗಳನ್ನು ಮಾಡುತ್ತಿದ್ದಳು. ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ, ಗಟ್ಟಿ ಬಟ್ಟೆಯ ರಟ್ಟಿನವು. ಚೆನ್ನಾಗಿದ್ದವು. ಕೊಳ್ಳುವವರಿಗೆ ಗೊತ್ತಾಗಬೇಕಲ್ಲ.

ಮಗನಿಗೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ. ಎಲ್ಲಕ್ಕೂ ಹೊತ್ತು ಗೊತ್ತುಮಾಡುವುದು ಅವನ ಚಾಳಿ. ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತ ಅಮ್ಮನಿಗೂ ಗೊತ್ತುಮಾಡಿದ.

"ಅಮ್ಮ, ಮುಂದಿನ ಕೋಣೆ ಮೊಬೈಲ್ ಅಂಗಡಿಯವರು ಕೇಳ್ತಿದಾರೆ. ನಿನ್ನ ಬೆರಳು ನೋಡಿಕೋ, ಹೇಗೆ ಊದಿಕೊಂಡಿವೆ. ಈ ವರ್ಷ ಮುಗಿಯೋವರೆಗೆ ನೋಡೋಣ. ಅಷ್ಟರಲ್ಲಿ ಒಂದು ದೊಡ್ಡ ಕೆಲಸ ಬಂದ್ರೆ ಸರಿ, ಇಲ್ಲಾಂದ್ರೆ ಕೋಣೆ ಬಿಟ್ಟುಕೊಟ್ಟು ಆರಾಮಾಗಿ ಕೂತುಕೋ."

"ಕೂತೇ ಇದೀನಲ್ಲೋ ಮೂವತ್ತೊಂದು ವರ್ಷದಿಂದ. ನಿಂತುಕೊಂಡು ಯಾರಾದ್ರೂ ಹೊಲಿತಾರಾ?"

ಮಾತು ಹಾಗೆ ಹಾರಿಸಿ ಒಪ್ಪಿಕೊಂಡಳು ನಿಜ. ಆದರೆ ಆ ಕೋಣೆ ಹೋದರೆ ತಾನು ಯಾರು ಎಂಬ ಪ್ರಶ್ನೆಗೆ ಅವಳ ಹತ್ತಿರ ಬೇರೆ ಉತ್ತರವಿರಲಿಲ್ಲ.

ದಾರಿ ತೋರಿಸಿದವಳು ಸೊಸೆ. ಅವಳು ಶಾಲೆಯೊಂದರ ಕಚೇರಿಯಲ್ಲಿದ್ದಳು, ಶಾಲೆಯ ವೆಬ್‌ಸೈಟನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. "ಅತ್ತೆ, ನಿಮಗೂ ಒಂದು ಸೈಟ್ ಕಟ್ಟೋಣ. ಫೋಟೋ ನಾನು ತೆಗೀತೀನಿ. ಮಾತು ನೀವೇ ಬರೆದುಕೊಡಿ," ಅಂದಳು. 'ಕಟ್ಟೋಣ' ಎಂಬ ಮಾತು ಬೈಂಡಿಂಗಮ್ಮನಿಗೆ ಹಿಡಿಸಿತು. ಕಟ್ಟುವುದಾದರೆ ತನಗೆ ಬರದ ಕೆಲಸವೇನಲ್ಲ.

ಒಂದು ವಾರ ಕೂತು ಬರೆದಳು. ಹೇಗೆ ಬರೆದಳು ಅಂದರೆ, ತನಗೆ ಗೊತ್ತಿದ್ದ ಹಾಗೆ. ಒಂದು ದೊಡ್ಡ ಹಾಳೆಯನ್ನು ಎರಡು ಸಲ ಮಡಿಸಿ ಎಂಟು ಪುಟದ ಫಾರಂ ಮಾಡಿದಳು. ಅಂಚು ಕತ್ತರಿಸದೆ, ಮಡಿಕೆಯೊಳಗೆ ಕೈ ತೂರಿಸಿ, ಪುಟಕ್ಕೊಂದು ವಿಷಯ ಬರೆದಳು. ಮೊದಲ ಪುಟದಲ್ಲಿ ನಮಸ್ಕಾರ, ತಾನು ಯಾರು. ಆಮೇಲೆ ಕಾಗದ, ಬಟ್ಟೆ, ಹೊಲಿಗೆ, ಅಳತೆ, ವಿಳಾಸ ಎಲ್ಲ. ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ಒಳ್ಳೆಯ ಮಾತೆಲ್ಲ ಖರ್ಚಾಗಿತ್ತು. ಅಲ್ಲಿ 'ನಾನು ಮಾಡದ ಕೆಲಸಗಳು' ಎಂದು ಬರೆದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಕೊನೆಯ ಪುಟ ಯಾರು ನೋಡುತ್ತಾರೆ ಎಂಬ ಧೈರ್ಯ. ಪುಟಸಂಖ್ಯೆ ಹಾಕಲಿಲ್ಲ. ಮಡಿಸಿದ ಹಾಳೆಗೆ ಸಂಖ್ಯೆ ಯಾಕೆ?

ಸೊಸೆ ಶಾಲೆಯಲ್ಲಿ ಬಿಡುವಾದಾಗ ಟೈಪ್ ಮಾಡಲು ಕೂತಳು. ಅಂಚು ಕತ್ತರಿಸದ ಹಾಳೆ, ಪುಟ ತಿರುಗಿಸಲು ಬರುವುದಿಲ್ಲ. ಪಾಪ, ಅವಳು ಹಾಳೆಯನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದಳು, ಎಡದಿಂದ ಬಲಕ್ಕೆ ಟೈಪ್ ಮಾಡಿಕೊಂಡು ಹೋದಳು. ಬಿಚ್ಚಿದ ಹಾಳೆಯಲ್ಲಿ ಒಂದನೇ ಪುಟದ ಎಡಕ್ಕೆ ಬರುವುದು ಯಾವುದು? ಎಂಟನೇ ಪುಟ.

ಹಾಗಾಗಿ ಸೈಟ್ ತೆರೆದವರ ಕಣ್ಣಿಗೆ ಮೊದಲು ಬಿದ್ದದ್ದು ನಮಸ್ಕಾರವಲ್ಲ. ನಾಳೆಗೇ ಬೇಕು ಅನ್ನುವವರು ಬರಬೇಡಿ, ಅಂಟು ನಿಮ್ಮ ಮಾತು ಕೇಳಿ ಒಣಗುವುದಿಲ್ಲ. ಬರೀ ಅಂಟಿಸಿದ್ದನ್ನು ಹೊಲಿದದ್ದು ಅಂತ ಹೇಳಿ ಕೊಡುವುದಿಲ್ಲ. ನಿಮ್ಮ ಪುಸ್ತಕದೊಳಗೆ ಸಿಕ್ಕಿದ ಹಳೆಯ ಕಾಗದ, ಒಣಗಿದ ಹೂವು ಬಿಸಾಡುವುದಿಲ್ಲ, ನಾಚಿಕೆಯಾದರೂ ವಾಪಸ್ ತೆಗೆದುಕೊಂಡು ಹೋಗಬೇಕು. ಓದದೆ ಇರುವ ಪುಸ್ತಕಕ್ಕೆ ಚರ್ಮದ ರಟ್ಟು ಹಾಕುವುದಿಲ್ಲ. ಹೀಗೆ ಎಂಟು ಕಲಮು. ಅವೆಲ್ಲ ಮುಗಿದ ಮೇಲೆ 'ನಮಸ್ಕಾರ' ಎಂದಿತ್ತು.

ಮಗ ಡಿಪೋದಿಂದಲೇ ಫೋನ್ ಮಾಡಿ ಹೆಂಡತಿಯ ಮೇಲೆ ರೇಗಿದ. ಸೊಸೆ ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಅಲ್ಲ ಕಣೇ, ಬೈಗುಳ ಮೊದಲು, ನಮಸ್ಕಾರ ಆಮೇಲೆ. ನಿನಗೆ ಅನುಮಾನನೇ ಬರಲಿಲ್ವಾ?" ಅಂದಳು ಅತ್ತೆ.

"ನಿಮ್ಮ ಸ್ವಭಾವಕ್ಕೆ ಸರಿಯಾಗೇ ಇದೆ ಅಂದ್ಕೊಂಡೆ ಅತ್ತೆ."

ಬೈಂಡಿಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಾದ ಮೇಲೆ ಹೇಳಿದಳು, "ಇರಲಿ ಬಿಡು, ಹಾಗೇ ಇರಲಿ. ಬರೋರು ಗೊತ್ತಿದ್ದೇ ಬರಲಿ. ನನಗೂ ಅದನ್ನ ತಿದ್ದೋದು ಹೇಗೆ ಅಂತ ಹೇಳಿಕೊಡು. ಪ್ರತಿ ಸಲ ನಿನ್ನ ಕಾಲು ಹಿಡಿಯೋಕಾಗಲ್ಲ."

ಹೇಳಿಕೊಟ್ಟಳು. ಒಂದೇ ಬೆರಳಿನಲ್ಲಿ ಕುಟ್ಟುತ್ತ, ಒತ್ತಕ್ಷರ ಬಂದಾಗಲೆಲ್ಲ ಗೊಣಗುತ್ತ, ಬೈಂಡಿಂಗಮ್ಮ ಕಲಿತಳು. ಹೊಸ ಪುಸ್ತಕ ಮುಗಿದಾಗ ಫೋಟೋ ಹಾಕುವುದು, ಮಾರಿಹೋದದ್ದನ್ನು ತೆಗೆಯುವುದು, ಎಲ್ಲ ಅವಳೇ ಮಾಡತೊಡಗಿದಳು. ಜನರೂ ಬಂದರು. ಪಟ್ಟಿ ಓದಿ ಜಗಳಕ್ಕೆ ಬಂದವರು ಕೆಲವರು. ಅಜ್ಜನ ನಿಘಂಟು ಎದೆಗವಚಿಕೊಂಡು ಬಂದ ಒಬ್ಬ ನರ್ಸ್, 'ನೀವು ಮಾತ್ರ ಇದನ್ನ ಹಾಳು ಮಾಡಲ್ಲ ಅನ್ನಿಸ್ತು' ಅಂದಳು. ಆದರೆ ಎಲ್ಲವೂ ಬಿಡಿ ಕೆಲಸ. ದೊಡ್ಡದು ಅಂತ ಒಂದೂ ಬರಲಿಲ್ಲ. ವರ್ಷ ಮುಗಿಯುತ್ತ ಬಂತು. ಮೊಬೈಲ್ ಅಂಗಡಿಯವನು ಒಮ್ಮೆ ಬಂದು ಗೋಡೆಯ ಅಳತೆಯನ್ನೂ ತೆಗೆದುಕೊಂಡು ಹೋದ.

ಕೊನೆಯ ತಿಂಗಳಲ್ಲಿ ಬಂತು ನೋಡಿ. ಹೊಸ ಹೋಟೆಲೊಂದರ ಮ್ಯಾನೇಜರ್, ಇಸ್ತ್ರಿ ಮಾಡಿದ ಮಾತಿನವನು, ಎರಡು ದೊಡ್ಡ ಪೆಟ್ಟಿಗೆ ಹೊರಿಸಿಕೊಂಡು ಬಂದ. ಅವತ್ತು ಮಗನೂ ರಜೆ ಹಾಕಿ ಮನೆಯಲ್ಲಿದ್ದ. ಹೋಟೆಲಿನ ಐವತ್ತು ಕೋಣೆಗೂ ಅತಿಥಿಗಳು ಬರೆಯುವ ಪುಸ್ತಕ ಬೇಕಂತೆ, ಪ್ರತಿ ವರ್ಷ ಹೊಸದಾಗಿ. ಮಗನ ಮುಖ ಅರಳಿತು. ಬೈಂಡಿಂಗಮ್ಮನ ಮುಖವೂ ಅರಳಿತು, ಅದನ್ನು ಯಾಕೆ ಮುಚ್ಚಿಡಬೇಕು.

"ಜೊತೆಗೆ ಇನ್ನೊಂದು ಸಣ್ಣ ಕೆಲಸ," ಅಂದ ಮ್ಯಾನೇಜರ್. "ನಮ್ಮ ಹಾಲ್‌ನಲ್ಲಿ ಒಂದು ಗೋಡೆಗೆ ಪುಸ್ತಕದ ಕಪಾಟು ಇದ್ದ ಹಾಗೆ ಕಾಣಬೇಕು. ಆದರೆ ಗೋಡೆ ತೆಳು, ಪೂರ್ತಿ ಪುಸ್ತಕ ಹಿಡಿಯಲ್ಲ. ಬೆನ್ನು ಮಾತ್ರ ಕತ್ತರಿಸಿ ಹಲಗೆ ಮೇಲೆ ಅಂಟಿಸಿಕೊಡಬೇಕು. ಗ್ರಂಥಾಲಯದವರು ಹೊರಗೆ ಹಾಕಿದ್ದನ್ನ ತಂದಿದೀವಿ. ನೋಡಿ, ಬೆನ್ನು ಎಷ್ಟು ಚೆನ್ನಾಗಿದೆ. ಒಳಗಿನದ್ದು ನೀವೇ ರದ್ದಿಗೆ ಹಾಕಿಬಿಡಿ."

ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟ. ಕಂದು ಬಟ್ಟೆಯ ರಟ್ಟು. ಅವಳ ಹೆಬ್ಬೆರಳು ತಾನಾಗಿಯೇ ಬೆನ್ನಿನ ಬುಡಕ್ಕೆ ಹೋಯಿತು. ಎರಡು ಗಂಟು. ಇನ್ನೊಂದು ತೆಗೆದಳು. ಎರಡು ಗಂಟು. ಪೆಟ್ಟಿಗೆಯ ಮುಂದೆ ಕುಕ್ಕರಿಸಿ ಒಂದೊಂದನ್ನೇ ತೆಗೆದು ಮುಟ್ಟುತ್ತ ಹೋದಳು. ಯಾವುದನ್ನು ಜ್ವರದಲ್ಲಿ ಹೊಲಿದದ್ದು, ಯಾವುದನ್ನು ಗಂಡ ಹೋದ ತಿಂಗಳು ಹೊಲಿದದ್ದು, ಕೈಗೆ ನೆನಪಿತ್ತು. ಹೊಲಿಗೆ ಒಂದೂ ಸಡಿಲವಾಗಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು.

"ಮತ್ತೆ ನಿಮ್ಮ ಸೈಟ್ ನೋಡಿದೆ," ಮ್ಯಾನೇಜರ್ ನಗುತ್ತ ಹೇಳುತ್ತಿದ್ದ. "ಆ ಪಟ್ಟಿ ಇದೆಯಲ್ಲ, ನಮ್ಮ ಅತಿಥಿಗಳು ನೋಡಿದ್ರೆ ಚೆನ್ನಾಗಿರಲ್ಲ. ಅದೊಂದು ತೆಗೆದುಬಿಡಿ."

ಅವಳು ಉತ್ತರ ಕೊಡುವ ಮೊದಲೇ ಮಗ, "ಅದೇನು ದೊಡ್ಡದಲ್ಲ ಸಾರ್, ಇವತ್ತೇ ತೆಗೆಸ್ತೀನಿ," ಅಂದ.

ಬೈಂಡಿಂಗಮ್ಮ ಎದ್ದು ನಿಂತಳು. "ಈ ಪುಸ್ತಕ ಕಟ್ಟಿದ್ದು ನಾನು," ಅಂದಳು.

"ಹೌದಾ? ಒಳ್ಳೇದೇ ಆಯ್ತಲ್ಲ. ಹೇಗೆ ಬಿಚ್ಚಬೇಕು ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ."

"ಗೊತ್ತು. ಬಿಚ್ಚಲ್ಲ. ಅತಿಥಿಗಳ ಪುಸ್ತಕ ಬೇಕಾದ್ರೆ ಕಟ್ಟಿಕೊಡ್ತೀನಿ. ಇವುಗಳ ಬೆನ್ನು ಮುರಿಯಲ್ಲ, ಪಟ್ಟಿ ತೆಗೆಯಲ್ಲ."

"ಎರಡೂ ಸೇರಿದ್ರೆ ಮಾತ್ರ ಅಮ್ಮ. ಇಲ್ಲದಿದ್ರೆ ಬೇರೆಯವರನ್ನ ನೋಡ್ತೀವಿ."

"ನೋಡಿ. ಆದರೆ ಎರಡು ಗಂಟು ಹಾಕಿದೀನಿ, ಬ್ಲೇಡ್ ಸ್ವಲ್ಪ ಗಟ್ಟಿ ತರೋಕೆ ಹೇಳಿ."

ಪೆಟ್ಟಿಗೆಗಳು ವಾಪಸ್ ಹೋದವು. ಅವನ್ನು ಹೊತ್ತುಕೊಂಡು ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಉಳಿಸಿಕೊಳ್ಳುವ ದಾರಿ ಅವಳಿಗಿರಲಿಲ್ಲ. ಕಣ್ಣು ತುಂಬಿದ್ದನ್ನು ಸೆರಗಿಗೂ ಒರೆಸಲಿಲ್ಲ, ತಾನಾಗಿ ಆರಲಿ ಎಂದು ಬಿಟ್ಟಳು.

ಮಗ ಕೂಗಾಡಲಿಲ್ಲ. ಅದೇ ಹೆಚ್ಚು ಚುಚ್ಚಿತು. "ಅಮ್ಮ, ಇದ್ದದ್ದು ಒಂದೇ ದಾರಿ, ಅದನ್ನೂ ಮುಚ್ಚಿಬಿಟ್ಟೆ. ಇನ್ನು ಕೋಣೆ ವಿಷಯದಲ್ಲಿ ನಾನು ಏನು ಮಾಡಲಿ ಹೇಳು."

"ಏನೂ ಮಾಡಬೇಡ. ಕೊಟ್ಟುಬಿಡು. ಮಾತು ಅಂದ್ರೆ ಮಾತು. ಪ್ರೆಸ್ಸು ಮಾತ್ರ ಮನೆ ಬಿಟ್ಟು ಹೋಗಲ್ಲ. ಹಾಲ್‌ನಲ್ಲಿ ಟಿ.ವಿ. ಇರೋ ಜಾಗಕ್ಕೆ ಬರುತ್ತೆ."

"ಟಿ.ವಿ. ಎಲ್ಲಿಡೋದು?"

"ಅದು ನಿನ್ನ ಸಮಸ್ಯೆ."

ಮುಂದಿನ ವಾರ ನಾಲ್ಕು ಜನ ಸೇರಿ ಪ್ರೆಸ್ಸನ್ನು ಒಳಗೆ ತಳ್ಳಿದರು. ಹೊಲಿಗೆ ಚೌಕಟ್ಟು ಊಟದ ಮೇಜಿನ ಅರ್ಧ ನುಂಗಿತು. ಮನೆಯೆಲ್ಲ ಅಂಟಿನ ವಾಸನೆ. ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟು ಕೂರಿಸುವ ಸದ್ದು ಕೇಳುತ್ತಿರುವಾಗಲೇ ಬೈಂಡಿಂಗಮ್ಮ ಸೊಸೆಯ ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಸೈಟಿನ ಪಟ್ಟಿಗೆ ಒಂಬತ್ತನೇ ಕಲಮು ಸೇರಿಸಬೇಕಿತ್ತು. ಸೊಸೆ ಪಕ್ಕದಲ್ಲಿ ಕೂತಿದ್ದಳು, ಸಹಾಯ ಮಾಡಲು ಹೋಗಲಿಲ್ಲ. ಒಂದೊಂದೇ ಅಕ್ಷರ ಬಿದ್ದು ಸಾಲು ಮುಗಿಯಿತು: 'ನಾನು ಕಟ್ಟಿದ ಪುಸ್ತಕವನ್ನು ನಾನೇ ಕೊಲ್ಲುವುದಿಲ್ಲ.'

ಮಗ ಹಿಂದೆ ನಿಂತು ಓದಿದ. "ಕೊಲ್ಲೋದು ಅಂತ ಯಾಕಮ್ಮ? ಕತ್ತರಿಸೋದು ಅಂತ ಹಾಕು, ಸಾಕು."

ಅವಳು ತಿರುಗಿ ನೋಡಲಿಲ್ಲ. "ಕತ್ತರಿಸೋದು ದಿನಾ ಮಾಡ್ತೀನಿ ಕಣೋ. ಅದು ನನ್ನ ಕಸುಬು."

ಅವಳು ವಿಳಾಸದ ಪುಟಕ್ಕೆ ಹೋಗಿ, 'ಮುಂದೆ ಮೊಬೈಲ್ ಅಂಗಡಿ ಇದೆ, ಅದನ್ನು ದಾಟಿ ನೇರ ಒಳಗೆ ಬನ್ನಿ, ಯಾರನ್ನೂ ಕೇಳಬೇಕಾಗಿಲ್ಲ' ಎಂದು ಬರೆದು ಗುಂಡಿ ಒತ್ತಿದಳು.