ಚಿಕ್ಕಮ್ಮನ ನಾಲ್ವರು ಕೆಲಸಗಾರರು

ನನ್ನ ಚಿಕ್ಕಮ್ಮ ಹನ್ನೊಂದು ವರ್ಷದಿಂದ ಒಂದೇ ಕೋಣೆಯಲ್ಲಿ, ಒಂದೇ ಯಂತ್ರದಲ್ಲಿ ಬೀದಿಯವರ ಬಟ್ಟೆ ಒಗೆದುಕೊಟ್ಟು ಬದುಕಿದವಳು. ರಿಪೇರಿಗೆ ಬಂದ ಕಂಪನಿಯವನು ತಂತಿ ಅದಲುಬದಲು ಜೋಡಿಸಿ ಹೋದ. ಮರುದಿನವೇ ಯಂತ್ರ ಸುಟ್ಟುಹೋಯಿತು. ಕಂಪನಿ ಕೈತೊಳೆದುಕೊಂಡಿತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ ಎಂದವಳು ನಾನೇ. ನನ್ನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೊತೆಗೆ ಹೋದೆ.

ಕಂಪನಿಯ ವಕೀಲರು ಚಿಕ್ಕಮ್ಮ ಹಿಂದೆ ತುಂಬಿಕೊಟ್ಟಿದ್ದ ರಿಪೇರಿ ಕರಾರಿನ ಅರ್ಜಿಯನ್ನು ಎತ್ತಿ ಹಿಡಿದರು. "ನಾಲ್ಕು ಜನ ಕೆಲಸಗಾರರು ಅಂತ ಇವರೇ ಬರ್ದಿದ್ದಾರೆ. ಇದು ವ್ಯಾಪಾರ. ಇವರು ಗ್ರಾಹಕರೇ ಅಲ್ಲ."

ನಾನು ಅವಳ ಕಡೆ ತಿರುಗಿದೆ. "ಏನ್ ಚಿಕ್ಕಮ್ಮ ಇದು?"

"ದೊಡ್ಡ ಗಿರಾಕಿ ಅಂದ್ರೆ ಬೇಗ ಬರ್ತಾರೆ ಅಂತ ಬರ್ದೆ ಕಣೇ. ಒಬ್ಬಳೇ ಅಂದ್ರೆ ಯಾರು ಮೂಸಿ ನೋಡ್ತಾರೆ?"

ನ್ಯಾಯಾಧೀಶೆ ಮೆತ್ತಗೆ ಹೇಳಿದರು: "ಹೊಟ್ಟೆಪಾಡಿಗೆ ನೀವೇ ದುಡೀತಿದ್ರೆ ನೀವೂ ಗ್ರಾಹಕರೇ ಅಮ್ಮ. ಆದ್ರೆ ಕೆಲಸಗಾರರು ಇರ್ಲಿಲ್ಲ ಅಂತ ತೋರಿಸ್ಬೇಕು. ಮುಂದಿನ ಸಲ ಸಾಕ್ಷಿ ತನ್ನಿ."

ಮೆಟ್ಟಿಲಿಳಿಯುವಾಗ ಚಿಕ್ಕಮ್ಮ ಕಂಬ ಹಿಡಿದು ನಿಂತುಬಿಟ್ಟಳು. "ಇದ್ದೋರನ್ನಾದ್ರೆ ಕೈ ಹಿಡಿದು ಎಳ್ಕೊಂಡು ಬರಬಹುದು. ಇಲ್ದೋರನ್ನ ಹೆಂಗೆ ತೋರಿಸ್ಲಿ, ಹೇಳು?"

"ಅಕ್ಕಪಕ್ಕದ ಮನೆಯವ್ರು ಸಾಕ್ಷಿ ಹೇಳಲ್ವಾ?" ಎಂದೆ. ಅಂದ ಮೇಲೆ ನೆನಪಾಯಿತು. ಯಂತ್ರದೊಳಗೆ ಸುಟ್ಟುಹೋದದ್ದು ಅವರದೇ ಬಟ್ಟೆ. ಅಂದಿನಿಂದ ಅವರು ಅವಳೊಡನೆ ಮಾತೇ ಬಿಟ್ಟಿದ್ದಾರೆ.