ಏರಿನಲ್ಲಿ ಜಾರುವ ಕ್ಲಚ್ಚು ಮತ್ತು ಗುಳ್ಳೆಯಣ್ಣ

ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ ಒಬ್ಬರು ಮೋಟಾರ್‌ಸೈಕಲ್ಲಿನ ಪಕ್ಕ ಮಂಡಿಯೂರಿ ಕುಳಿತು, ಹ್ಯಾಂಡಲಿಗೆ ಬಿಗಿದ ಬಟ್ಟೆಯ ಪಟ್ಟಿ ಬಿಚ್ಚುತ್ತಿದ್ದಾರೆ. ಕ್ಲಚ್ಚಿನ ಹಿಡಿಯನ್ನು ಹೀಗೆ ಅದುಮಿ ರಾತ್ರಿಯಿಡೀ ಕಟ್ಟಿಟ್ಟರೆ, ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಮೆಲ್ಲಗೆ ಮೇಲೇರಿ ಹೊರಬೀಳಲು ದಾರಿಯಾಗುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಅವರು ಕಣ್ಣು ಮುಚ್ಚಿ ಹಿಡಿಯನ್ನು ಒಮ್ಮೆ ಅದುಮುತ್ತಾರೆ. ಮುಖ ಅರಳುತ್ತದೆ. ಗಾಳಿ ಹೋಗಿದೆ.

ಈ ಬಗೆಯ ಕ್ಲಚ್ಚಿಗೆ ತಂತಿಯಿಲ್ಲ. ಹಿಡಿ ಅದುಮಿದರೆ ಕೊಳವೆಯೊಳಗಿನ ಎಣ್ಣೆಯೇ ಮುಂದೆ ನೂಕಿ ಕೆಲಸ ಮಾಡಿಸುತ್ತದೆ. ಎಣ್ಣೆಯಲ್ಲಿ ಗುಳ್ಳೆ ಸೇರಿಕೊಂಡರೆ ಹಿಡಿ ಹತ್ತಿಯಂತೆ ಮೆತ್ತಗಾಗುತ್ತದೆ. ಗುಳ್ಳೆ ಓಡಿಸುವುದೇ ಕಸುಬಾದ್ದರಿಂದ ಇಡೀ ಊರಿಗೆ ಇವರು ಗುಳ್ಳೆಯಣ್ಣ. ಹೆತ್ತವರಿಟ್ಟ ಹೆಸರು ಲೈಸೆನ್ಸಿನಲ್ಲಿ ತಣ್ಣಗೆ ಕೂತಿದೆ.

ಅಂಗಡಿ ಪೂರ್ತಿ ಇವರದಲ್ಲ. ಮೊದಲಿದ್ದ ವರ್ಕ್‌ಶಾಪಿಗೆ ಬೀಗ ಬಿದ್ದಾಗ ಪಾನಾ ಪೆಟ್ಟಿಗೆ ಹೊತ್ತು ಹೆಂಡತಿಯ ಹೊಲಿಗೆ ಅಂಗಡಿಗೆ ಬಂದವರು. “ಒಂದು ಮೂಲೆ ಸಾಕು ಅಂತ ಕೈ ಮುಗಿದ್ರು. ಈಗ ನೋಡಿ, ನಾನೇ ಮೂಲೇಲಿದೀನಿ” ಎಂದು ಟೈಲರಮ್ಮ ಹಲ್ಲಲ್ಲಿ ದಾರ ಕಡಿಯುತ್ತ ನಗುತ್ತಾರೆ. ಕ್ಲಚ್ಚಿನ ಎಣ್ಣೆ ಬಿದ್ದಲ್ಲಿ ಬಣ್ಣ ಕಿತ್ತು ಬರುತ್ತದೆ. ಗಿರಾಕಿಯ ಹೊಸ ಬಟ್ಟೆಯ ಹತ್ತಿರ ಒಂದು ಹನಿ ಸಿಡಿದರೂ ಅಂದು ಗಂಡನಿಗೆ ಊಟದ ಜೊತೆ ಮಂಗಳಾರತಿ. ದಿನಕ್ಕೆ ಐದಾರು ಗಾಡಿ ಬರುತ್ತವೆ. ಬಗ್ಗಿ ಬಗ್ಗಿ ಗುಳ್ಳೆಯಣ್ಣನ ಸೊಂಟ ಹಿಡಿದುಕೊಂಡಿದೆ, ಅಂಗೈ ಚರ್ಮ ಒಡೆದಿದೆ. ಅದನ್ನು ಕೇಳಿದರೆ ಮಾತ್ರ ಮಾತು ಬೇರೆಡೆಗೆ ತಿರುಗಿಸುತ್ತಾರೆ.

ಇವತ್ತಿನ ಗಾಡಿ ನರ್ಸಕ್ಕನದು. ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವವರು ಅವರೊಬ್ಬರೇ. ಕೆಲವು ವಾರಗಳಿಂದ ಅರ್ಧ ಏರು ಹತ್ತುತ್ತಲೇ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಬೇರೆ ಗ್ಯಾರೇಜಿನವರು ಕ್ಲಚ್ ಪ್ಲೇಟು ಬದಲಾಯಿಸಿ ಕೈತೊಳೆದುಕೊಂಡಿದ್ದಾರೆ. ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಗುಡ್ಡದ ಕೆಲಸ ಬಿಡಿಸಿ ಆಸ್ಪತ್ರೆಯ ಕೌಂಟರಿನಲ್ಲಿ ಕೂರಿಸುವುದಾಗಿ ಮೇಲಧಿಕಾರಿಗಳು ಹೇಳಿಯಾಗಿದೆ. ಗುಡ್ಡದ ಮೇಲೆ ಒಬ್ಬ ಬಸುರಿಗೆ ದಿನ ತುಂಬಿದೆ.

“ಗಾಳಿ ತೆಗೆದಿದೀನಿ. ಆದರೂ ನನಗೆ ಸಮಾಧಾನ ಇಲ್ಲ” ಎಂದು ಗಾಡಿ ಒಯ್ಯಲು ಬಂದ ನರ್ಸಕ್ಕನಿಗೆ ಹೇಳುತ್ತಾರೆ ಗುಳ್ಳೆಯಣ್ಣ. “ಇಲ್ಲಿ ಸರಿಯಿದ್ದು ಅಲ್ಲಿ ಕೈಕೊಡುತ್ತೆ ಅಂದ್ರೆ, ಅಲ್ಲಿಗೇ ಹೋಗಿ ನೋಡಬೇಕು. ನಡೀರಿ, ನಾನು ಹಿಂದೆ ಕೂರ್ತೀನಿ. ದಿನಾ ಹೆಂಗೆ ಹೋಗ್ತೀರೋ ಹಂಗೇ ಹೋಗಿ.”

ಹಂಗೇ ಎಂದಿದ್ದಕ್ಕೆ ನರ್ಸಕ್ಕ ಚೀಲದಿಂದ ಎರಡು ದಪ್ಪ ಉಣ್ಣೆ ಗವುಸು ತೆಗೆದು ಹ್ಯಾಂಡಲಿನ ಎರಡೂ ತುದಿಗೆ, ಹಿಡಿಯೂ ಒಳಗೆ ಸೇರುವಂತೆ ತೊಡಿಸುತ್ತಾರೆ. ಗುಡ್ಡದ ಚಳಿಗೆ ಸೊಸೆಯ ಬೆರಳು ಮರಗಟ್ಟಬಾರದೆಂದು ಅತ್ತೆಯೇ ಹೆಣೆದದ್ದು. “ಗ್ಯಾರೇಜಿಗೆ ಬರುವಾಗ ಬಿಚ್ಚಿಡ್ತೀನಿ ಅಣ್ಣ. ಎಣ್ಣೆ ಕಲೆ ಆದ್ರೆ ಅತ್ತೆ ಸುಮ್ನಿರಲ್ಲ.”

ಅರ್ಧ ಏರಿನಲ್ಲಿ ಎಂಜಿನ್ ಬೊಬ್ಬೆ ಶುರುವಾಗುತ್ತದೆ. ಗುಳ್ಳೆಯಣ್ಣ ಇಳಿದು, ಎಂಜಿನ್ ಪಕ್ಕದ ಪುಟ್ಟ ತಿರುಪನ್ನು ಸ್ವಲ್ಪ ಸಡಿಲಿಸುತ್ತಾರೆ. ಬಿಸಿ ಎಣ್ಣೆ ಚಿಮ್ಮುತ್ತದೆ. ತಿರುಪು ಬಿಗಿದು ಹೊರಟರೆ ಗಾಡಿ ಸರಾಗವಾಗಿ ಎಳೆಯುತ್ತದೆ. ಅಂದರೆ ಎಣ್ಣೆ ಒಳಗೇ ಒತ್ತಿಕೊಂಡು ಕೂತಿತ್ತು. ಗಾಡಿ ನಿಲ್ಲಿಸಿ ಹಿಡಿಯ ಬುಡದಲ್ಲಿ ಬೆರಳಾಡಿಸಿದರೆ, ಗವುಸಿನ ಅಂಚು ಮುದ್ದೆಯಾಗಿ ಸಿಕ್ಕಿಕೊಂಡಿದೆ. ಹಿಡಿ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ. ಬಿಸಿಯಾಗಿ ಉಬ್ಬಿದ ಎಣ್ಣೆ ಹ್ಯಾಂಡಲಿನ ಮೇಲಿರುವ ಎಣ್ಣೆ ಡಬ್ಬಿಗೆ ಮರಳುವ ಸಣ್ಣ ತೂತು ಮುಚ್ಚಿಕೊಂಡೇ ಇದೆ. ಕ್ಲಚ್ಚನ್ನು ಯಾರೋ ಸದಾ ಅರೆಬರೆ ಅದುಮಿ ಹಿಡಿದಂತೆ; ಎಂಜಿನ್ ಎಷ್ಟು ತಿರುಗಿದರೂ ಚಕ್ರಕ್ಕೆ ಬಲ ಸಿಗದು.

“ಅತ್ತೆಯ ಪ್ರೀತಿ ಸ್ವಲ್ಪ ದಪ್ಪ ಆಗಿದೆ, ಅಷ್ಟೇ” ಎಂದು ಗುಳ್ಳೆಯಣ್ಣ ರಸ್ತೆ ಬದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನರ್ಸಕ್ಕ ನಗುವುದಿಲ್ಲ. “ತೊಡಬೇಡಿ ಅಂತ ಮಾತ್ರ ಹೇಳಬೇಡಿ ಅಣ್ಣ. ಕಣ್ಣು ಕಾಣದಿದ್ರೂ ತಡವಿ ತಡವಿ ಹೆಣೆದಿದಾರೆ.”

ಆ ಮಾತು ಗುಳ್ಳೆಯಣ್ಣನಿಗೆ ನಾಟುತ್ತದೆ. ಅಂಗಡಿಗೆ ಮರಳಿ ಗವುಸನ್ನು ಹೆಂಡತಿಯ ಮುಂದಿಡುತ್ತಾರೆ. ಹಿಡಿಯ ಬುಡ ತಾಗುವ ಜಾಗದಿಂದ ಬೆರಳಗಲ ಈಚೆಗೆ ಗವುಸಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, “ಇದರಿಂದಾಚೆ ಒಂದು ಎಳೆಯೂ ಬರಬಾರದು” ಎನ್ನುತ್ತಾರೆ. “ಹೊಲಿಗೆ ನನಗೆ ಕಲಿಸ್ತೀರಾ?” ಎನ್ನುತ್ತಲೇ ಟೈಲರಮ್ಮ ಅಂಚು ಮಡಿಸಿ, ಹೆಣಿಗೆ ಬಿಚ್ಚದಂತೆ ಹೊಲಿದು ಕೊಡುತ್ತಾರೆ. ತಡವಿ ನೋಡಿದರೂ ಅತ್ತೆಗೆ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಗವುಸು ತೊಡಿಸಿ, ಹಿಡಿ ಟಕ್ಕೆಂದು ಹಿಂದಕ್ಕೆ ಬಂದು ನಿಲ್ಲುವುದನ್ನು ಗುಳ್ಳೆಯಣ್ಣ ಮತ್ತೆ ಮತ್ತೆ ಅದುಮಿ ಖಚಿತ ಮಾಡಿಕೊಳ್ಳುತ್ತಾರೆ.

ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಫೋನು. ದಿನ ತುಂಬಿದಾಕೆಗೆ ನೋವು ಶುರುವಾಗಿದೆಯಂತೆ. ನರ್ಸಕ್ಕ ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾರೆ. ಗುಳ್ಳೆಯಣ್ಣ ರಸ್ತೆಗೆ ಬಂದು ಕಿವಿಗೊಟ್ಟು ನಿಲ್ಲುತ್ತಾರೆ. ಗಾಡಿಯ ಸದ್ದು ಏರು ಹಿಡಿಯುತ್ತದೆ, ಅರ್ಧ ದಾಟುತ್ತದೆ, ಎಲ್ಲೂ ಬೊಬ್ಬೆಯಿಲ್ಲದೆ ಮೇಲಿನ ತಿರುವಿನಲ್ಲಿ ಕರಗುತ್ತದೆ. ಅವರು ಉಸಿರು ಬಿಡುತ್ತಾರೆ.

ಅವಸರದಲ್ಲಿ ನರ್ಸಕ್ಕ ಹೋಗಿಬರುತ್ತೇನೆಂದು ಸಹ ಹೇಳಲಿಲ್ಲವಲ್ಲ ಎಂದು ಟೈಲರಮ್ಮ ಅಂದರೆ ಗುಳ್ಳೆಯಣ್ಣ ತಲೆಯಾಡಿಸುತ್ತಾರೆ.

“ದಾರೀಲಿ ಮೆಕ್ಯಾನಿಕ್ ನೆನಪಾದ ಅಂದ್ರೆ ಗಾಡಿ ಕೈಕೊಟ್ಟಿದೆ ಅಂತ ಅರ್ಥ. ಮೇಲೆ ಹೋಗಿ, ಮಗೂನ ಕೈಗೆತ್ತಿಕೊಳ್ಳೋ ಹೊತ್ತಿಗೆ ಅವರು ನನ್ನ ಪೂರ್ತಿ ಮರೆತಿರಬೇಕು. ನನಗೆ ಅಷ್ಟಾದ್ರೆ ಸಾಕು.”